ಹೇತ್ವಿ ಅನುಮತಿ ಕೇಳಿದ ವರ್ಷ

ಹೋದ ವಾರ ಹುಬ್ಬಳ್ಳಿ ಪೇಟೆಯಲ್ಲಿ ಸೀರೆಗೆ ಫಾಲ್ ತರಲು ಹೋಗಿದ್ದೆ. ಗಲ್ಲಾದ ಹಿಂದೆ ಕೂತಿದ್ದ ಶೇಠ್‌ಜಿ ಒಂದು ಪುಟ್ಟ ಬೆಳ್ಳಿ ಡಬ್ಬಿ ತೆರೆದು, ಚಿಟಿಕೆ ಹಳದಿ ಪುಡಿ ತೆಗೆದು ಕಣ್ಣಿಗೊತ್ತಿಕೊಂಡು ತಲೆಗೆ ಹಾಕಿಕೊಂಡರು. ಗಂಧ, ಕೇಸರಿ, ಪಚ್ಚಕರ್ಪೂರ ಬೆರೆತ ವಾಸನೆ ಮೂಗಿಗೆ ಬಂತು. ಅದು ವಾಸಕ್ಷೇಪ, ಜೈನ ಗುರುಗಳು ತಲೆಯ ಮೇಲೆ ಉದುರಿಸಿ ಹರಸುವ ಪುಡಿ. "ಯಾವ ಕಲರ್ ಬೇಕ್ರಿ ಅಕ್ಕಾರ?" ಎಂದು ಅಂಗಡಿಯ ಹುಡುಗಿ ಕೇಳುತ್ತಲೇ ಇದ್ದಳಂತೆ. ನನಗೆಲ್ಲಿ ಕೇಳಿಸಬೇಕು? ನಾನು ಆಗಲೇ ವಡೋದರಾಕ್ಕೆ ಹೋಗಿ ಮುಟ್ಟಿದ್ದೆ. ಫಾಲ್ ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ನಮ್ಮವರದು ಬ್ಯಾಂಕಿನ ನೌಕರಿ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ನಮ್ಮ ಹಣೆಬರಹ. ನಿವೃತ್ತಿಗೆ ಮೊದಲಿನ ಕೊನೆಯ ವರ್ಗ ವಡೋದರಾಕ್ಕಾಯಿತು. ಆಲ್ಕಾಪುರಿಯಲ್ಲಿ ಫ್ಲ್ಯಾಟು, ಕೆಳಗೆ ಇಳಿದರೆ ಬೇಕಾದ್ದೆಲ್ಲ ಸಿಗುವ ಜಾಗ. ಮಗಳು ಪುಣೆಯಲ್ಲಿ ಓದುತ್ತಿದ್ದಳು. ಬೆಳಿಗ್ಗೆ ಇವರು ಡಬ್ಬಿ ಹಿಡಿದು ಹೊರಟರೆಂದರೆ ಮನೆ ಬಿಕೋ ಎನ್ನುತ್ತಿತ್ತು. ಕಿಟ್ಟಿ ಪಾರ್ಟಿಗೆ ಎರಡು ಸಲ ಹೋದೆ. ಮೂರನೆಯ ಸಲಕ್ಕೆ ತಲೆನೋವು ಬಂತು, ಅಂದರೆ ಬರಿಸಿಕೊಂಡೆ. ಆಗಲೇ ಯೂನಿವರ್ಸಿಟಿಯವರು ಪತ್ರಿಕೆಯಲ್ಲಿ ಹಾಕಿದ್ದ ಪ್ರಕಟಣೆ ಕಣ್ಣಿಗೆ ಬಿತ್ತು: ದೈವಶಾಸ್ತ್ರ ಮತ್ತು ಧರ್ಮಗಳ ತೌಲನಿಕ ಅಧ್ಯಯನದಲ್ಲಿ ಎಂ.ಎ., ಎರಡು ವರ್ಷ, ವಯಸ್ಸಿನ ಮಿತಿ ಇಲ್ಲ.

ದೇವರು ಎಲ್ಲಾ ಕಡೆ ಇದ್ದರೆ ಗುಡಿಯ ಹೊರಗೆ ಮಾತ್ರ ಚಪ್ಪಲಿ ಯಾಕೆ ಬಿಡಬೇಕು ಎಂದು ಕೇಳಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡವಳು ನಾನು. ಆ ಪ್ರಶ್ನೆಗೆ ಉತ್ತರ ಐವತ್ತು ದಾಟಿದರೂ ಸಿಕ್ಕಿರಲಿಲ್ಲ. ಅರ್ಜಿ ಹಾಕಿಯೇಬಿಟ್ಟೆ.

"ಈ ವಯಸ್ಸಿನ್ಯಾಗ ದೇವರ ಮ್ಯಾಲೆ ಎಂ.ಎ.?" ಎಂದರು ನಮ್ಮವರು. "ಪೇಪರ್ ಯಾರು ತಿದ್ದತಾರ, ದೇವರ ಬರ್ತಾನೇನು?"

"ಬಂದರ ಭಾಳ ಛಲೋ ಆತು. ಕೇಳೋದು ಬೇಕಾದಷ್ಟದ," ಎಂದೆ.

ಮೊದಲ ವರ್ಷ ಟಿಪ್ಪಣಿ ಬರೆಯುವುದು ಮತ್ತೆ ರೂಢಿ ಮಾಡಿಕೊಳ್ಳುವುದರಲ್ಲೇ ಕಳೆಯಿತು. ನಾನು ಹೇಳಬೇಕಿರುವುದು ಎರಡನೆಯ ವರ್ಷದ ಮಾತು. ಆ ವರ್ಷ ಮಳೆ ತಡವಾಗಿ ಹಿಡಿಯಿತು. ಜೂನ್ ಪೂರ್ತಿ ಬೆವರಿ, ಜುಲೈಯಲ್ಲಿ ಒಮ್ಮೆಲೇ ಸುರಿದು, ಯೂನಿವರ್ಸಿಟಿಯ ಗೇಟಿನ ಮುಂದೆ ಮೊಣಕಾಲುದ್ದ ನೀರು ನಿಂತಿತು. ಸೀರೆ ಎತ್ತಿ ಹಿಡಿದು ಕ್ಲಾಸಿಗೆ ಹೋದರೆ ಇದ್ದವರು ನಾಲ್ಕೇ ಜನ, ಅದರಲ್ಲಿ ಒಬ್ಬಳು ಹೇತ್ವಿ. ಇಪ್ಪತ್ಮೂರರ ಹುಡುಗಿ, ಸೂರತ್‌ನವಳು, ಇಲ್ಲಿ ಜೈನ ಹಾಸ್ಟೆಲಿನಲ್ಲಿದ್ದಳು. ಕಾಯಿಸಿ ಆರಿಸಿದ ನೀರಿನ ಬಾಟಲಿ ಸದಾ ಕೈಯಲ್ಲಿ. ಪರ್ಸು, ಬಳೆ, ಕಿವಿಯೋಲೆ ಏನೂ ಇಲ್ಲ. ನಗು ಮಾತ್ರ ಬೇಕಾದಷ್ಟಿತ್ತು.

ಅಂದು ದವೆ ಸರ್ ಸೃಷ್ಟಿಕರ್ತನ ಬಗ್ಗೆ ಪಾಠ ಮುಗಿಸಿ, ವಾರದೊಳಗೆ ಅಸೈನ್‌ಮೆಂಟ್ ಕೊಡಿ ಎಂದರು. ಹೇತ್ವಿ ಎದ್ದು ನಿಂತಳು. "ಸರ್, ನಮ್ಮಲ್ಲಿ ಸೃಷ್ಟಿ ಮಾಡಿದ ದೇವರೇ ಇಲ್ಲ. ನಾನೇನು ಬರೀಲಿ?"

"ಇಲ್ಲ ಅಂತ ಬರಿ ದೀಕರಿ," ಎಂದರು ಸರ್. ಗುಜರಾತಿಗಳು ಮಗಳನ್ನು ಹಾಗೆ ಕರೆಯುತ್ತಾರೆ. "ಆದರೆ ಇಪ್ಪತ್ತು ಮಾರ್ಕ್ಸಿಗೆ ಆಗುವಷ್ಟು ಬರಿ."

ಅವಳು ಬರೆದಳು, ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ ಬಂತು. ದೇವರು ಇದ್ದಾನೆ ಎಂದು ಬರೆದ ನನಗೆ ಹನ್ನೊಂದು.

ಮಳೆ ಬಿಡುವವರೆಗೆ ಕ್ಯಾಂಟೀನಿನಲ್ಲಿ ಕೂತಾಗ, ನೀನು ಯಾಕೆ ಈ ಕೋರ್ಸಿಗೆ ಬಂದೆ ಎಂದು ಕೇಳಿದೆ. ನನ್ನದು ಮೂಗು ತೂರಿಸುವ ಸ್ವಭಾವ, ಬಚ್ಚಿಡುವುದೇನು. ನಾವು ಆಡುತ್ತಿದ್ದುದು ಹಿಂದಿಗೆ ಗುಜರಾತಿ ಕಲಸಿದ ಭಾಷೆ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅವಳು ಕರೆಯುತ್ತಿದ್ದ ಮಾಸಿ ಮಾತ್ರ, ಅಂದರೆ ಚಿಕ್ಕಮ್ಮ, ಹಾಗೇ ಇರಲಿ.

"ಪಪ್ಪಾ ಜೊತೆ ಒಪ್ಪಂದ, ಮಾಸಿ," ಎಂದಳು. "ನನಗೆ ದೀಕ್ಷೆ ತಗೋಬೇಕು. ಸಾಧ್ವಿ ಆಗಬೇಕು. ಅಪ್ಪ ಅಮ್ಮ ಅನುಮತಿ ಕೊಡದೆ ಯಾವ ಗುರುವೂ ದೀಕ್ಷೆ ಕೊಡಲ್ಲ. ಪಪ್ಪಾ ಹೇಳಿದರು, ಮೊದಲು ಎಲ್ಲಾ ಧರ್ಮ ಓದು, ಎಂ.ಎ. ಮಾಡು. ಓದಿದ ಮೇಲೂ ಬೇಕು ಅನ್ನಿಸಿದರೆ ಆಗ ಬಂದು ಕೇಳು ಅಂತ. ಎರಡು ವರ್ಷದಲ್ಲಿ ಮನಸ್ಸು ಬದಲಾಗುತ್ತೆ ಅಂತ ಅವರ ಲೆಕ್ಕ."

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಇಷ್ಟು ದಿನ ಪಕ್ಕದ ಬೆಂಚಿನಲ್ಲಿ ಕೂತು ನನ್ನಿಂದ ಪೆನ್ನು ಇಸಿದುಕೊಳ್ಳುತ್ತಿದ್ದ ಹುಡುಗಿ, ತಲೆಗೂದಲು ಕಿತ್ತುಕೊಂಡು, ಬರಿಗಾಲಲ್ಲಿ ಊರೂರು ನಡೆದು, ಜೀವನಪೂರ್ತಿ ಫ್ಯಾನಿನ ಕೆಳಗೆ ಕೂರದೆ ಇರಲು ಹೊರಟಿದ್ದಳು. ನನಗೆ ಈ ಎಂ.ಎ. ಹೊತ್ತು ಹೋಗುವುದಕ್ಕೆ ಸಿಕ್ಕ ಒಂದು ಖುಷಿ. ಅವಳಿಗೆ ಇದು ಮುಗಿದರೆ ಮನೆಯೇ ಮುಗಿಯಿತು.

"ಏನಾದರೂ ಬೇಜಾರಾಗಿದೆಯಾ ನಿನಗೆ?" ಎಂದೆ.

ಅವಳು ಜೋರಾಗಿ ನಕ್ಕಳು. "ಎಲ್ಲರೂ ಅದನ್ನೇ ಹುಡುಕುತ್ತಾರೆ. ಯಾರಾದರೂ ಕೈಕೊಟ್ಟರಾ, ಮನೆಯಲ್ಲಿ ಜಗಳವಾ ಅಂತ. ಏನೂ ಇಲ್ಲ. ಒಂದು ಮಳೆಗಾಲ ಸಾಧ್ವಿಗಳ ಜೊತೆ ಇದ್ದೆ. ಏನೂ ಬೇಡ ಅನ್ನಿಸಿದಾಗ ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಅದು ಬೇಕು."

"ಬೇಡ ಅನ್ನೋದೇ ಬೇಕು ಅಂದರೆ ಅದೂ ಆಸೆಯೇ ಆಯ್ತಲ್ಲೇ!"

"ಹೌದಲ್ಲಾ," ಎಂದು ಅವಳು ತಲೆ ಕೆರೆದುಕೊಂಡಳು. ಮರುದಿನ ಕ್ಲಾಸಿಗೆ ಬಂದವಳೇ, "ಮಾಸಿ, ಯೋಚನೆ ಮಾಡಿದೆ. ಅದೂ ಆಸೆಯೇ. ಆದರೆ ಅದು ಕೊನೇದು," ಎಂದಳು. ವಾದಕ್ಕೆ ನಿಂತರೆ ಬಿಡುವ ಪೈಕಿಯಲ್ಲ.

ಅವಳ ಪ್ರಬಂಧದ ವಿಷಯವೂ ಅದೇ ಆಯಿತು: ಸನ್ಯಾಸಕ್ಕೆ ಹೊರಟ ಮಕ್ಕಳಿಗೆ ಹೆತ್ತವರು ಕೊಡುವ ಅನುಮತಿ, ಬೇರೆ ಬೇರೆ ಧರ್ಮಗಳಲ್ಲಿ. ನನ್ನದು ಪೂಜಾಸ್ಥಳಗಳ ಹೊಸ್ತಿಲು, ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ ಎಂಬುದು. ಇಬ್ಬರಿಗೂ ದವೆ ಸರ್ ಅವರೇ ಗೈಡ್. ಅವಳಿಗೆ ನಾನು ನಮ್ಮ ಕಡೆಯ ಆಚಾರ್ಯರ ಕಥೆ ಹೇಳಿದೆ. ಸನ್ಯಾಸಕ್ಕೆ ತಾಯಿ ಒಪ್ಪಲಿಲ್ಲ, ಹೊಳೆಯಲ್ಲಿ ಮೊಸಳೆ ಕಾಲು ಹಿಡಿಯಿತು, ಹೂಂ ಅಂದರೆ ಬಿಡುತ್ತದಂತೆ ಎಂದು ಮಗ ಕೂಗಿದ, ತಾಯಿ ಗಾಬರಿಯಲ್ಲಿ ಹೂಂ ಅಂದಳು. ನಮ್ಮಲ್ಲಿ ಇದನ್ನು ಕೈಮುಗಿದು ಕೇಳುತ್ತೇವೆ. ಹೇತ್ವಿ ಮುಖ ಗಂಟಿಕ್ಕಿದಳು.

"ಇದು ಮೋಸ ಅಲ್ವಾ ಮಾಸಿ? ಮೊಸಳೆ ಹಿಡಿದಾಗ ಯಾವ ತಾಯಿ ಬೇಡ ಅಂತಾಳೆ? ಹೆದರಿಸಿ ಇಸಿದುಕೊಂಡಿದ್ದು ಅನುಮತಿ ಹೇಗಾಗುತ್ತೆ?"

ನಾನು ಐವತ್ತು ವರ್ಷದಿಂದ ಕೇಳಿದ್ದ ಕಥೆ. ಒಮ್ಮೆಯೂ ಹೀಗೆ ಕೇಳಬೇಕೆಂದು ಹೊಳೆದಿರಲಿಲ್ಲ. ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಆ ಹುಡುಗಿ ನಿನಕಿಂತ ಜೋರದಾಳ," ಎಂದು ಪೇಪರಿನಲ್ಲಿ ಮುಖ ಹುದುಗಿಸಿದರು.

ಮಳೆ ಹಿಂದೆಗೆಯುವ ಹೊತ್ತಿಗೆ ಇಬ್ಬರೂ ಅಹಮದಾಬಾದಿಗೆ ಹೋದೆವು. ಅಲ್ಲಿ ಒಬ್ಬ ವಯಸ್ಸಾದ ಕ್ಯಾಥೊಲಿಕ್ ಸಿಸ್ಟರ್ ಹೇತ್ವಿಯ ಜೊತೆ ಮಾತಾಡಲು ಒಪ್ಪಿದ್ದರು. ಮೂಲ ಕೇರಳ, ಗುಜರಾತಿ ಮಾತ್ರ ಇಲ್ಲಿಯವರಷ್ಟೇ ಚೆನ್ನಾಗಿ ಆಡುತ್ತಿದ್ದರು. ನಿಮ್ಮ ತಂದೆ ಅನುಮತಿ ಕೊಟ್ಟರಾ ಎಂದು ಹೇತ್ವಿ ಕೇಳಿದಳು. "ನಮ್ಮಪ್ಪ ಹೂಂ ಅನ್ನಲೇ ಇಲ್ಲ," ಎಂದರು ಸಿಸ್ಟರ್. "ಹೊರಡೋ ದಿನ ನನ್ನ ಟ್ರಂಕು ಹೊತ್ಕೊಂಡು ಸ್ಟೇಷನ್ನಿಗೆ ಬಂದರು. ಒಂದು ಮಾತೂ ಆಡಲಿಲ್ಲ. ಟ್ರಂಕು ಸೀಟಿನ ಕೆಳಗೆ ಸೇರಿಸಿ ಇಳಿದುಹೋದರು." ಹೇತ್ವಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಾ ಕೂತಳು.

ಉಳಿದುಕೊಂಡದ್ದು ಚಾಂದ್‌ಖೇಡಾದಲ್ಲಿ, ನಮ್ಮವರ ತಂಗಿ ವತ್ಸಲಾಳ ಮನೆಯಲ್ಲಿ. ಅವಳ ಗಂಡ ತೈಲ ಕಂಪನಿಯಲ್ಲಿ ಇಂಜಿನಿಯರು, ಕ್ವಾರ್ಟರ್ಸಿನಲ್ಲಿ ವಾಸ. ಹೇತ್ವಿ ಏನೇನು ತಿನ್ನುವುದಿಲ್ಲ ಎಂದು ನಾನು ಮೊದಲೇ ಫೋನು ಮಾಡಿ ಹೇಳಿದ್ದೆ. ಬಾಗಿಲು ತೆರೆದವಳೇ ವತ್ಸಲಾ ನನ್ನನ್ನು ಅಡುಗೆಮನೆಗೆ ಎಳೆದಳು.

"ವೈನಿ, ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ, ಗಜ್ಜರಿ ಇಲ್ಲ, ಹೊತ್ತು ಮುಳುಗಿದ ಮ್ಯಾಲೆ ಊಟನ ಇಲ್ಲ. ಮತ್ತ ಈ ಹುಡುಗಿ ತಿಂತಾಳೇನು, ಗಾಳಿ?"

"ತೊವ್ವಿ ಅನ್ನ ಮಾಡು, ಸವತಿಕಾಯಿ ಕೋಸಂಬರಿ ಮಾಡು. ಹಾಡಿ ಹೊಗಳಿ ತಿಂತಾಳ," ಎಂದೆ. ಹಾಗೆಯೇ ಆಯಿತು. ಹೊತ್ತು ಮುಳುಗುವ ಮೊದಲೇ ಎಲ್ಲರೂ ಅವಳ ಜೊತೆ ಉಂಡೆವು. ವತ್ಸಲಾಳ ಮಗಳು ಅನನ್ಯಾ, ಹತ್ತನೆಯ ಕ್ಲಾಸು, ಹುಟ್ಟಿದ್ದು ಬೆಳೆದದ್ದು ಅಲ್ಲೇ. ಅವಳ ಕನ್ನಡ ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸುತ್ತದೆ. "ಮಾಮಿ, ಈ ದೀದಿ ಫೋನ್ ಭೀ ಬಿಡ್ತಾಳಾ? ಅಂದ್ರೆ, ನೆವರ್?" ಎಂದು ನನ್ನ ಕಿವಿಯಲ್ಲಿ ಕೇಳಿ, ಸಮಾಧಾನವಾಗದೆ ನೇರ ಹೇತ್ವಿಯನ್ನೇ ಕೇಳಿದಳು: "ನಿಮ್ಮ ಮಮ್ಮಿ ನೆನಪಾದರೆ ಏನು ಮಾಡ್ತೀರಿ?"

ದೊಡ್ಡವರು ಯಾರೂ ಕೇಳದ ಪ್ರಶ್ನೆ. ಹೇತ್ವಿ, "ನೆನಪು ಮಾಡ್ಕೋತೀನಿ," ಎಂದಳು. ಅನನ್ಯಾಗೆ ಅದು ಉತ್ತರ ಎನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಎನ್ನಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹೇತ್ವಿಯ ಅಪ್ಪ ಆಲ್ಕಾಪುರಿಯ ನಮ್ಮ ಮನೆಗೆ ಬಂದರು. ಕಿರೀಟ್‌ಭಾಯಿ, ಸೂರತ್‌ನ ಜವಳಿ ಮಾರ್ಕೆಟ್ಟಿನಲ್ಲಿ ಸೀರೆ ವ್ಯಾಪಾರಿ. ದೊಡ್ಡ ಮೈಕಟ್ಟು, ಸಣ್ಣ ದನಿ. ಸೋಫಾದ ತುದಿಯಲ್ಲಿ ಕೂತು ಕೈ ಹೊಸೆದುಕೊಂಡರು.

"ಸುಧಾಬೆನ್, ಅವಳು ದಿನಾ ನಿಮ್ಮದೇ ಮಾತು ಹೇಳ್ತಾಳೆ. ನೀವು ಓದಿದವರು, ನಿಮ್ಮ ಮಾತು ಕೇಳ್ತಾಳೆ. ಸ್ವಲ್ಪ ಬುದ್ಧಿ ಹೇಳಿ. ನಾನು ಧರ್ಮ ಬಿಟ್ಟವನಲ್ಲ. ಬೇರೆಯವರ ಮಕ್ಕಳು ದೀಕ್ಷೆ ತಗೊಂಡಾಗ ಮೆರವಣಿಗೆಯಲ್ಲಿ ಕುಣಿದಿದ್ದೀನಿ. ನನ್ನ ಮನೆಗೇ ಬಂದಾಗ ಎದೆ ನಡುಗುತ್ತೆ. ನಿಮಗೂ ಮಗಳಿದ್ದಾಳೆ."

ಇದ್ದಾಳೆ. ಹಿಂದಿನ ದಿನವಷ್ಟೇ ವಿಡಿಯೋ ಕಾಲಿನಲ್ಲಿ ಹೊಸ ಚಪ್ಪಲಿ ತೋರಿಸಿ, ಹ್ಯಾಂಗದ ಅಮ್ಮಾ, ಎಂದು ಕೇಳಿದ್ದಳು. ಹೇಳಿ ನೋಡ್ತೀನಿ ಭಾಯಿ ಎಂದು ಅವರಿಗೆ ಮಾತು ಕೊಟ್ಟುಬಿಟ್ಟೆ. ಅವರು ಹೋದ ಮೇಲೆ ನಮ್ಮವರು, "ಊರ ಉಸಾಬರಿ ನಿನಗ್ಯಾಕ ಬೇಕಿತ್ತು?" ಎಂದು ಗದರಿದರು. ಗದರಿಸಿಕೊಳ್ಳಬೇಕಾದ್ದೇ.

ಮಾತು ಕೊಟ್ಟಂತೆ ಹೇತ್ವಿಗೆ ಹೇಳಿದೆ. ಇನ್ನೂ ಎರಡು ವರ್ಷ ಕಾಯಿ, ಪಿಎಚ್.ಡಿ. ಮಾಡು, ಪಾಠ ಹೇಳು, ಮನೆಯಲ್ಲಿದ್ದೇ ವ್ರತ ಮಾಡು. ಅವಳು ಪೂರ್ತಿ ಕೇಳಿ, "ಪಪ್ಪಾ ಬಂದಿದ್ದರಾ?" ಎಂದಳು. ಹೌದೆಂದೆ. "ನಿಮ್ಮ ಮನಸ್ಸಿನಲ್ಲಿ ಏನಿದೆ ಮಾಸಿ?" ಎಂದಳು. ನನಗೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಗೊತ್ತಿರಲಿಲ್ಲ. ಅವಳು ಹೋಗುತ್ತಾಳೆ ಎಂದುಕೊಂಡರೆ ಅಳು ಬರುತ್ತಿತ್ತು. ಹೋದರೆ ಅಲ್ಲಿ ಅವಳಿಗೆ ಏನು ಕಾಣುತ್ತದೋ ಎಂಬ ಕುತೂಹಲ ಅಳುವನ್ನೂ ಮೀರಿ ನಿಲ್ಲುತ್ತಿತ್ತು.

ಚಳಿಗಾಲದಲ್ಲಿ ದವೆ ಸರ್ ಅವಳ ಪ್ರಬಂಧದ ಕರಡು ಓದಿ ಹಿಂದಿರುಗಿಸಿದರು. "ಚೆನ್ನಾಗಿದೆ. ಆದರೆ ಇದರಲ್ಲಿ ಎಲ್ಲಿ ನೋಡಿದರೂ ಅಪ್ಪಂದಿರೇ. ನಿನ್ನ ತಾಯಿಯನ್ನು ಕೇಳಿದ್ದೀಯಾ?" ಒಪ್ಪಂದ ಆದದ್ದು ಅಪ್ಪನ ಜೊತೆ. ಅಮ್ಮನನ್ನು ಅವಳು ಕೇಳಿಯೇ ಇರಲಿಲ್ಲ.

ಉತ್ತರಾಯಣದ ಗಾಳಿಪಟದ ಹಬ್ಬಕ್ಕೆ ಅವಳು ಊರಿಗೆ ಹೊರಟಾಗ ನನ್ನನ್ನೂ ಕರೆದಳು. ಸೂರತ್‌ನ ಪಾರಸಿಗಳ ಅಗ್ನಿಮಂದಿರದ ಹೊಸ್ತಿಲು ನನ್ನ ಪ್ರಬಂಧಕ್ಕೆ ಬೇಕಿತ್ತು. ಅಲ್ಲಿ ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಹೊರಗೆ ಕುರ್ಚಿ ಹಾಕಿ, ಶರಬತ್ತು ಕೊಟ್ಟು, ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಅಷ್ಟೇ ಪ್ರೀತಿಯಿಂದ ಒಳಗೆ ಬಿಡಲಿಲ್ಲ. ಆ ಕೆಲಸ ಮುಗಿಸಿ ಸಂಜೆ ಅಡಾಜಣ್‌ನ ಹೇತ್ವಿಯ ಮನೆಗೆ ಹೋದೆ. ಏಳನೆಯ ಮಹಡಿ. ಆಕಾಶದ ತುಂಬ ಗಾಳಿಪಟ, ಮಹಡಿ ಮಹಡಿಯಲ್ಲೂ ಎದುರಿನ ಪಟ ಕತ್ತರಿಸಿದವರ "ಕಾಯ್ಪೋ ಛೇ" ಎಂಬ ಕೂಗು. ಹೇತ್ವಿಯ ತಾಯಿ ಭಾವನಾಬೆನ್ ಒಬ್ಬರೇ ಅಡುಗೆಮನೆಯಲ್ಲಿ ಎಳ್ಳಿನ ಚಿಕ್ಕಿ ಲಟ್ಟಿಸುತ್ತಿದ್ದರು. ಸಣ್ಣ ಆಳು, ಕೈ ಮಾತ್ರ ಬಿಡುವಿಲ್ಲದೆ ಓಡುವುದು.

"ಹೇತ್ವಿ ಕೇಳಿದಳಾ?" ಎಂದೆ.

"ಕೇಳಿದಳು."

"ನೀವೇನಂದಿರಿ?"

"ಪಪ್ಪಾ ಏನು ಹೇಳ್ತಾರೋ ಅದೇ ಅಂದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ನಾನು ಅಲ್ಲೇ ನಿಂತಿದ್ದೆ. ಅವರು ಲಟ್ಟಣಿಗೆ ಕೆಳಗಿಟ್ಟು ಮೆಲ್ಲಗೆ, "ಸುಧಾಬೆನ್, ನಾನು ಬೇಡ ಅಂದರೆ ಅವಳು ನಿಲ್ಲುತ್ತಾಳೆ. ನನ್ನ ಮಾತಿಗೆ ಕಟ್ಟುಬಿದ್ದು ಜನ್ಮಪೂರ್ತಿ ಇದೇ ಮನೆಯಲ್ಲಿ ಇರ್ತಾಳೆ. ಅದಕ್ಕೇ ಬೇಡ ಅನ್ನಲ್ಲ. ಹೂಂ ಅನ್ನೋಣ ಅಂದರೆ ಬಾಯೇ ಬರಲ್ಲ. ಇಪ್ಪತ್ಮೂರು ವರ್ಷ ಉಣಿಸಿದ ಕೈ ಇದು. ನಾಳೆಯಿಂದ ಅವಳಿಗೆ ಉಣಿಸಬಾರದು ಅನ್ನೋದಕ್ಕೆ ನಾನೇ ಹೇಗೆ ಹೂಂ ಅನ್ನಲಿ?" ಎಂದರು. ಮತ್ತೆ ಲಟ್ಟಣಿಗೆ ಎತ್ತಿಕೊಂಡರು. ಚಿಕ್ಕಿ ಅಷ್ಟರಲ್ಲಿ ಗಟ್ಟಿಯಾಗಿಬಿಟ್ಟಿತ್ತು.

ಏಪ್ರಿಲಿನಲ್ಲಿ ವೈವಾ. ನಮ್ಮ ವಿಭಾಗದಲ್ಲಿ ಅದು ಬಾಗಿಲು ಮುಚ್ಚಿ ನಡೆಯುವುದಲ್ಲ, ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದು. ಸೆಕೆಯಲ್ಲಿ ಫ್ಯಾನುಗಳು ಗರಗರ ಎನ್ನುತ್ತಿದ್ದವು. ನನ್ನದು ಮೊದಲು ಆಯಿತು, ತೊದಲಿದೆನಾದರೂ ಪಾರಾದೆ. ಹೇತ್ವಿಯದು ಶುರುವಾಗುವ ಹೊತ್ತಿಗೆ ಕಿರೀಟ್‌ಭಾಯಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಒಬ್ಬರೇ.

ಹೊರಗಿನಿಂದ ಬಂದ ಪರೀಕ್ಷಕರು ಅವಳಿಗೆ ಬಿಡುವು ಕೊಡದೆ ಕೇಳಿದರು. ಅಳುತ್ತಾ ಕೊಟ್ಟ ಅನುಮತಿ ಅನುಮತಿಯೇ? ಅವಳು, "ಹೆದರಿಸಿ ತಗೊಂಡದ್ದು ಅಲ್ಲ ಸರ್. ಅಳುತ್ತಾ ಕೊಟ್ಟದ್ದು ಹೌದು. ಅಳು ನಿಲ್ಲಲಿ ಅಂತ ಕಾದರೆ ಯಾವ ಮಕ್ಕಳೂ ಮನೆ ಬಿಡೋಕೆ ಆಗಲ್ಲ," ಎಂದಳು. ದನಿ ಗಟ್ಟಿಯಾಗಿತ್ತು. ಸಭೆಯಲ್ಲಿ ಯಾರಾದರೂ ಕೇಳುವುದಿದೆಯೇ ಎಂದರು ದವೆ ಸರ್. ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು.

"ನಾನು ಹೆಚ್ಚು ಓದಿದವನಲ್ಲ," ಎಂದರು ಕಿರೀಟ್‌ಭಾಯಿ. "ಒಂದೇ ಪ್ರಶ್ನೆ. ನಿನ್ನ ಎಲ್ಲಾ ಕಥೆಗಳೂ ಅಪ್ಪ ಹೂಂ ಅನ್ನೋವರೆಗೆ ಇವೆ. ಹೂಂ ಅಂದಾಯ್ತು, ಮಗಳು ಹೋದಳು. ಮರುದಿನ ಬೆಳಿಗ್ಗೆ ಎದ್ದು ಆ ಅಪ್ಪ ಅಮ್ಮ ಏನು ಮಾಡಬೇಕು ಅಂತ ಯಾವ ಗ್ರಂಥದಲ್ಲಿದೆ?"

ಹೇತ್ವಿ ಮೇಜಿನ ಅಂಚು ಹಿಡಿದುಕೊಂಡಳು. "ಹುಡುಕಿದೆ ಪಪ್ಪಾ. ಎಲ್ಲೂ ಸಿಗಲಿಲ್ಲ."

ಕಿರೀಟ್‌ಭಾಯಿ ನಿಂತೇ ಇದ್ದರು. ಆಮೇಲೆ ಕರ್ಚೀಫಿನಿಂದ ಮುಖ ಒರೆಸಿಕೊಂಡು, "ಸುಳ್ಳು ಹೇಳಲಿಲ್ಲ ನೀನು. ಹೋಗು ಬೇಟಾ. ನನ್ನ ಅನುಮತಿ ಇದೆ," ಎಂದರು. ಪರೀಕ್ಷಕರಿಗೆ ಏನೂ ಅರ್ಥವಾಗದೆ ದವೆ ಸರ್ ಮುಖ ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿ ಗೊಳೋ ಎಂದು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ವೈಶಾಖದಲ್ಲಿ ಸೂರತ್‌ನಲ್ಲಿ ದೀಕ್ಷೆಯಾಯಿತು. ನಾನೂ ನಮ್ಮವರೂ ಹೋಗಿದ್ದೆವು. ಮದುಮಗಳ ಹಾಗೆ ಸಿಂಗರಿಸಿಕೊಂಡು ರಥದಲ್ಲಿ ಕೂತು, ಕೈತುಂಬ ಅಕ್ಕಿ, ನಾಣ್ಯ, ಬಟ್ಟೆ ಬೀದಿಗೆ ಎಸೆಯುತ್ತಾ ಬಂದಳು. ಹುಳಹುಪ್ಪಟೆ ಸಾಯದಂತೆ ನೆಲ ಸವರುವ ಉಣ್ಣೆಯ ಪೊರಕೆಯನ್ನು ಗುರುಗಳು ಕೈಗೆ ಕೊಟ್ಟಾಗ ಅದನ್ನು ಎತ್ತಿ ಹಿಡಿದು ವೇದಿಕೆಯ ಮೇಲೆ ಕುಣಿದಳು. ಒಳಗೆ ಹೋದ ರೇಷ್ಮೆ ಸೀರೆಯ ಹೇತ್ವಿ ಬೋಳುತಲೆಯ ಬಿಳಿಬಟ್ಟೆಯ ಸಾಧ್ವಿಯಾಗಿ ಹೊರಗೆ ಬಂದಳು. ಹೊಸ ಹೆಸರು ಕೂಗಿದರು, ವಾಸಕ್ಷೇಪ ಉದುರಿಸಿದರು, ಇಡೀ ಮಂಟಪ ಗಂಧದಿಂದ ಘಮಘಮ ಎಂದಿತು. ಕಿರೀಟ್‌ಭಾಯಿ ಮಗಳಿಗೆ ಬಗ್ಗಿ ನಮಸ್ಕಾರ ಮಾಡಿದರು. ಭಾವನಾಬೆನ್ ಕೂಡ ಬಗ್ಗಿದರು. ಅವರ ತುಟಿ ಮಾತ್ರ ಅಲುಗಲಿಲ್ಲ. ಅವರು ಹೂಂ ಅಂದದ್ದನ್ನು ಕೊನೆಗೂ ಯಾರೂ ಕೇಳಲಿಲ್ಲ.

"ಅಕಿಗೆ ಖುಷಿ ಅದನೋ ಇಲ್ಲೋ?" ಎಂದು ವಾಪಸು ಬರುವಾಗ ನಮ್ಮವರು ರೈಲಿನಲ್ಲಿ ಕೇಳಿದರು. ಯಾರ ಬಗ್ಗೆ ಕೇಳಿದರೋ, ಮಗಳೋ ತಾಯಿಯೋ.

ಮತ್ತೆ ಮಳೆ ಬಂತು. ನನ್ನ ಎಂ.ಎ. ಫಲಿತಾಂಶ ಬಂತು, ಸೆಕೆಂಡ್ ಕ್ಲಾಸು. ನಮ್ಮವರ ನಿವೃತ್ತಿಯೂ ಬಂತು. ಹುಬ್ಬಳ್ಳಿಗೆ ಸಾಮಾನು ಕಟ್ಟುವ ಮೊದಲು ಭಾವನಾಬೆನ್ ಅವರನ್ನು ನೋಡಿ ಬರಬೇಕೆನ್ನಿಸಿ ಶ್ರಾವಣದಲ್ಲಿ ಒಬ್ಬಳೇ ಸೂರತ್‌ಗೆ ಹೋದೆ. ಮಳೆಗಾಲದ ನಾಲ್ಕು ತಿಂಗಳು ಜೈನ ಸಾಧುಸಾಧ್ವಿಯರು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಆ ವರ್ಷ ಹೇತ್ವಿಯ ಗುರುಗಳ ತಂಡ ಅಡಾಜಣ್‌ನಲ್ಲೇ, ಮನೆಯಿಂದ ಎರಡು ಬೀದಿ ಆಚೆ ನಿಂತಿತ್ತು. ಆಷಾಢದಿಂದ ಅವರು ಅಲ್ಲಿದ್ದಾರೆ, ಈ ಮನೆಗೆ ಇನ್ನೂ ಭಿಕ್ಷೆಗೆ ಬಂದಿಲ್ಲ ಎಂದು ಕಿರೀಟ್‌ಭಾಯಿ ಹೇಳಿದರು. ಯಾವ ದಿನ ಯಾವ ಮನೆ ಎಂದು ಮೊದಲೇ ಹೇಳುವ ಹಾಗಿಲ್ಲ.

ಅಡುಗೆಮನೆಯಲ್ಲಿ ಖೀಚು ಆಗಿತ್ತು. ಅಕ್ಕಿಹಿಟ್ಟನ್ನು ಜೀರಿಗೆ, ಹಸಿಮೆಣಸು ಹಾಕಿ ಉಕ್ಕರಿಸಿ, ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ತಿನ್ನುವ ತಿಂಡಿ. ನಮ್ಮ ಸಂಡಿಗೆ ಹಿಟ್ಟೇ, ಅವರು ಒಣಗಿಸುವುದಿಲ್ಲ ಅಷ್ಟೇ.

"ಮತ್ತೆ ಇದೇನಾ?" ಎಂದು ಕಿರೀಟ್‌ಭಾಯಿ ಗೊಣಗಿದರು. "ಸುಧಾಬೆನ್, ವೈಶಾಖದಿಂದ ನಮ್ಮ ಮನೆಯಲ್ಲಿ ದಿನಾ ಖೀಚು. ದಾಲ್ ಇರಲಿ, ರೋಟ್ಲಿ ಇರಲಿ, ಜೊತೆಗೆ ಇದು ಇರಲೇಬೇಕು. ನನಗೋ ಇದನ್ನು ಕಂಡರಾಗಲ್ಲ."

"ಹೇತ್ವಿಗೆ ಪ್ರಾಣ," ಎಂದರು ಭಾವನಾಬೆನ್, ಒಲೆ ಆರಿಸಿ ಪಾತ್ರೆಯನ್ನು ಕಟ್ಟೆಯ ಮೇಲಿಡುತ್ತಾ. "ಅವಳಿಗೆ ಅಂತಲೇ ಮಾಡಿದ್ದನ್ನು ಅವಳು ಮುಟ್ಟೋ ಹಾಗಿಲ್ಲ. ಮನೆಯವರಿಗೆ ಮಾಡಿದ್ದರಲ್ಲಿ ಒಂದು ಪಾಲು ಕೊಟ್ಟರೆ ತಗೋಬಹುದು. ನಿಮಗೆ ಗೊತ್ತಲ್ಲ, ನೀವೂ ಓದಿದ್ದೀರಿ."

ಗೊತ್ತಿತ್ತು. ಆ ನಿಯಮದ ಮೇಲೆ ಐದು ಮಾರ್ಕ್ಸಿನ ಟಿಪ್ಪಣಿ ಬರೆದಿದ್ದೆ.

ಆ ದಿನವೇ ಬರಬೇಕೆಂದು ಯಾರು ಬರೆದಿಟ್ಟಿದ್ದರೋ. ಊಟಕ್ಕೆ ಕೂರುವ ಹೊತ್ತಿಗೆ ತೆರೆದ ಬಾಗಿಲಲ್ಲಿ "ಧರ್ಮಲಾಭ" ಎಂಬ ದನಿ. ಒಬ್ಬ ಹಿರಿಯ ಸಾಧ್ವಿ, ಅವರ ಹಿಂದೆ ಅವಳು. ಲಿಫ್ಟ್ ಹತ್ತುವಂತಿಲ್ಲ, ಏಳು ಮಹಡಿ ಮೆಟ್ಟಿಲೇರಿ ಬಂದ ಮುಖದಿಂದ ಬೆವರಿಳಿಯುತ್ತಿತ್ತು. ತೆಳ್ಳಗಾಗಿದ್ದಳು. ಕಣ್ಣು ಮಾತ್ರ ಅದೇ. ಕಿರೀಟ್‌ಭಾಯಿಯ ಕೈ ರೂಢಿಯಂತೆ ಫ್ಯಾನಿನ ಸ್ವಿಚ್ಚಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಸಾಧ್ವಿಯರು ಬಂದಾಗ ಸ್ವಿಚ್ಚು ಮುಟ್ಟಿದರೆ ಆ ಮನೆಯ ಅನ್ನ ಸಲ್ಲದು. ಕೈ ಹಿಂದೆ ತೆಗೆದು ಎರಡೂ ಕೈ ಮುಗಿದರು.

"ಪಧಾರೋ ಸಾಹೇಬ್‌ಜಿ, ಲಾಭ ಆಪೋ," ಎಂದರು ಭಾವನಾಬೆನ್. ಬನ್ನಿ, ಕೊಡುವ ಪುಣ್ಯ ನಮಗೆ ಕೊಡಿ ಎಂದು. ಹೆತ್ತ ಮಗಳಿಗೆ ಸಾಹೇಬ್‌ಜಿ. ಸಾಧ್ವಿಯರು ರೊಟ್ಟಿ ಅರ್ಧ ತೆಗೆದುಕೊಂಡರು, ದಾಲ್ ಒಂದು ಸೌಟು. ಭಾವನಾಬೆನ್ ಖೀಚಿನ ಪಾತ್ರೆ ಎತ್ತಿದರು. ಅವಳ ಕೈಯಲ್ಲಿದ್ದ ಮರದ ಬಟ್ಟಲು ಹಿಂದೆ ಸರಿಯಿತು.

"ಇದು ಯಾರಿಗೋಸ್ಕರ ಮಾಡಿದ್ದು?" ಎಂದಳು.

"ನಮಗೇ ಸಾಹೇಬ್‌ಜಿ. ಈ ಮನೆಯಲ್ಲಿ ದಿನಾ ಮಾಡ್ತೀವಿ."

ಹಿರಿಯ ಸಾಧ್ವಿ ಕಿರೀಟ್‌ಭಾಯಿಯತ್ತ ನೋಡಿದರು. "ಹೌದು ಸಾಹೇಬ್‌ಜಿ," ಎಂದರು ಅವರು. "ದಿನಾ ನಾನೇ ತಿಂತೀನಿ. ನೀವು ಬರದ ದಿನವೂ ತಿಂದಿದ್ದೀನಿ."

ಅವಳು ಅಮ್ಮನ ಮುಖ ನೋಡಿದಳು. ನಾನು ಎರಡು ವರ್ಷ ಪಕ್ಕದಲ್ಲಿ ಕೂತು ನೋಡಿದ ಹುಡುಗಿ, ಯಾವ ವಾದವನ್ನೂ ಸುಮ್ಮನೆ ಬಿಟ್ಟವಳಲ್ಲ. ಅಂದು ಏನೂ ಕೇಳಲಿಲ್ಲ. ಬಟ್ಟಲು ಮುಂದೆ ಬಂತು. "ಸ್ವಲ್ಪ," ಎಂದಳು. ಭಾವನಾಬೆನ್ ಬಟ್ಟಲಿಗೆ ತಾಗದಂತೆ ಮೇಲಿನಿಂದ ಒಂದು ಸೌಟು ಹಾಕಿದರು. "ಧರ್ಮಲಾಭ," ಎಂದು ಇಬ್ಬರೂ ಮೆಟ್ಟಿಲಿಳಿದು ಹೋದರು.

ಭಾವನಾಬೆನ್ ಮೆಟ್ಟಿಲ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದು ಎಲ್ಲರಿಗೂ ತಟ್ಟೆ ಹಾಕಿದರು. ಕಿರೀಟ್‌ಭಾಯಿ ಕಣ್ಣೊರೆಸಿಕೊಂಡು ಖೀಚು ಕಲಸುತ್ತಾ, ಹೇಗೂ ಮುಗಿಯಿತಲ್ಲ ಎಂಬಂತೆ, "ಭಾವನಾ, ನಾಳೆಯಿಂದ ಬೇರೆ ಏನಾದರೂ ಮಾಡ್ತೀಯಾ?" ಎಂದರು.

"ಇಲ್ಲಪ್ಪ," ಎಂದರು ಭಾವನಾಬೆನ್, ಅವರ ತಟ್ಟೆಗೆ ಎಣ್ಣೆ ಬಿಡುತ್ತಾ. "ನಾಳೆ ನಿಲ್ಲಿಸಿದರೆ ಇವತ್ತಿನದು ಅವಳಿಗೆ ಅಂತ ಮಾಡಿದ ಹಾಗಾಗುತ್ತಲ್ಲ."